ಮನೆ ಇಲ್ಲ ಅನ್ನುವುದಕ್ಕೊಂದು ದಾಖಲೆ

ಮೊನ್ನೆ ಸ್ಕೂಲಿನ ಆಫೀಸಿನಲ್ಲಿ ನನ್ನ ಮೇಜಿನ ಡ್ರಾಯರ್ ಒರೆಸಲು ಹೊರಟಾಗ ರೆವಿನ್ಯೂ ಸ್ಟಾಂಪಿನ ಒಂದು ಹಾಳೆ ಸಿಕ್ಕಿತು. ಒಂದೊಂದು ರೂಪಾಯಿಯವು. ನಾಲ್ಕೈದು ಹರಿದು ಬಳಸಿದ್ದು ಬಿಟ್ಟರೆ ಮಿಕ್ಕವೆಲ್ಲ ಹಾಗೇ ಇವೆ, ಆದರೆ ಎರಡು ವರ್ಷದ ಸೆಕೆಗೆ ಒಂದರ ಬೆನ್ನಿಗೊಂದು ಅಂಟಿಕೊಂಡುಬಿಟ್ಟಿವೆ. ಬಿಡಿಸಲು ನೋಡಿದೆ, ಬರಲಿಲ್ಲ. ಕೊನೆಗೆ ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಒಂದರ ಮೂಲೆಗೆ ನಾಲಿಗೆ ತಾಗಿಸಿದೆ. ಅದೇ ಹಳೇ ರುಚಿ. ನಗಬೇಡಿ. ಒಬ್ಬೊಬ್ಬರಿಗೆ ಒಂದೊಂದು ರುಚಿ ಹಿಡಿದಿರುತ್ತದೆ, ನನಗೆ ಈ ಅಂಟಿನದು.

ನಾನು ಕಿಕ್ಕೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಊರು ಸಿಂಧಘಟ್ಟ. ದಿನಾ ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿ ಹೋಗಿಬರುತ್ತೇನೆ. ವರ್ಷವೆಲ್ಲ ನನ್ನನ್ನು ಕಂಡರೂ ಕಾಣದ ಹಾಗೆ ಓಡಾಡುವ ಮೇಷ್ಟ್ರುಗಳು ಫೆಬ್ರವರಿಯಲ್ಲಿ ಮಾತ್ರ ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತಿದ್ದರು. ಆದಾಯ ತೆರಿಗೆ ಲೆಕ್ಕದ ತಿಂಗಳು ಅದು. ವಿಮೆ ರಸೀದಿ, ಮಕ್ಕಳ ಫೀಜು, ಮನೆ ಬಾಡಿಗೆ ರಸೀದಿ. ಬಾಡಿಗೆ ರಸೀದಿಗೆ ಸ್ಟಾಂಪು ಅಂಟಿಸಿ ಅದರ ಮೇಲೆ ಮನೆ ಯಜಮಾನರ ಸಹಿ ಬೀಳಬೇಕು. ನಮ್ಮ ಒಬ್ಬ ಮೇಷ್ಟ್ರು ತಮ್ಮ ಅತ್ತೆಗೇ ಬಾಡಿಗೆ ಕೊಡುತ್ತಿದ್ದರು, ಅಂದರೆ ಕಾಗದದ ಮೇಲೆ. ಆ ಮಹಾತಾಯಿ ವರ್ಷಕ್ಕೊಂದು ಸಲ ಬಂದು ಹನ್ನೆರಡು ರಸೀದಿಗೂ ಹೆಬ್ಬೆಟ್ಟು ಒತ್ತಿ, ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ಈ ದುಡ್ಡು ಯಾವತ್ತು ಕೈಗೆ ಬರುತ್ತದೆ ಅಂತ ಕೇಳುತ್ತಿದ್ದರು. ಈಗ ತೆರಿಗೆಗೆ ಹೊಸ ಪದ್ಧತಿ ಬಂದಿದೆ. ರಸೀದಿ ಬೇಡ, ಸ್ಟಾಂಪು ಬೇಡ, ಅತ್ತೆಯೂ ಬೇಡ. ಎಲ್ಲರೂ ಅದಕ್ಕೇ ಹೋಗಿದ್ದಾರೆ. ನನ್ನ ಸುಗ್ಗಿ ಹಾಗೆ ಮುಗಿಯಿತು.

ನಿಜ ಹೇಳುತ್ತೇನೆ, ನನಗೆ ಫಾರಂ ಕಂಡರೆ ಆಸೆ. ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸೊಸೈಟಿಯಿಂದ ಗೊಬ್ಬರದ ಫಾರಂ ತರುತ್ತಿದ್ದರು. ಅವರಿಗೆ ಸಹಿ ಬಿಟ್ಟರೆ ಇನ್ನೇನೂ ಬರೆಯಲು ಬರುತ್ತಿರಲಿಲ್ಲ. ಜಗಲಿ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಅರ್ಜಿದಾರರ ಹೆಸರು, ತಂದೆಯ ಹೆಸರು, ಸರ್ವೆ ನಂಬರು ಅಂತ ನಾನು ತುಂಬುತ್ತಿದ್ದೆ. ಪಕ್ಕದಲ್ಲಿ ಅಪ್ಪ ಕೈಕಟ್ಟಿ ಕೂತಿರುತ್ತಿದ್ದರು. ಗದ್ದೆಯಲ್ಲಿ ನನ್ನ ಕೆಲಸ ನೋಡಿ ಒಂದು ದಿನವೂ ಮೆಚ್ಚದವರು, ನಾನು ಫಾರಂ ತುಂಬುವಾಗ ಮಾತ್ರ ಅವ್ವನಿಗೆ ಸದ್ದು ಮಾಡಬೇಡ ಅನ್ನುತ್ತಿದ್ದರು. ಆವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ಬ್ಯಾಂಕಿಗೆ ಹೋದರೆ ಬೇಕಿಲ್ಲದ ಫಾರಮ್ಮುಗಳನ್ನೂ ಒಂದೊಂದು ಎತ್ತಿಕೊಂಡು ಬರುತ್ತೇನೆ.

ಹೀಗಿರುವವನಿಗೆ ತಂಗಿ ಒಂದು ದಿನ ಫೋನು ಮಾಡಿ, ಅಣ್ಣ, ನಾನೊಂದು ಮನೆ ತಗೋಬೇಕು ಅಂತಿದೀನಿ, ಲೋನು ಗೀನು ಹೆಂಗೆ ಅಂತ ಕೇಳಿದರೆ ಹೇಗಾಗಿರಬೇಡ, ನೀವೇ ಹೇಳಿ.

ತಂಗಿಯ ಹೆಸರು ಜಯ. ನನಗಿಂತ ಆರು ವರ್ಷ ಚಿಕ್ಕವಳು, ಈಗ ನಲವತ್ತೊಂದು. ಪಾಂಡವಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಮದುವೆ ಆಗಿಲ್ಲ. ಯಾಕೆ ಅಂತ ಕೇಳಬೇಡಿ, ನಾವೆಲ್ಲ ಕೇಳಿ ಸುಸ್ತಾಗಿದ್ದೇವೆ. ಮೂವತ್ತು ದಾಟುವವರೆಗೆ ಬಂದ ಗಂಡುಗಳಿಗೆಲ್ಲ ಕಾಫಿ ಕೊಟ್ಟಳು, ಆಮೇಲೆ ಒಂದು ದಿನ ಲೋಟ ತೊಳೆದಿಟ್ಟು, ಸಾಕು ಬುಡಿ ಅಂದಳು, ಅಷ್ಟೇ. ಪಾಂಡವಪುರದಲ್ಲಿ ಹತ್ತು ವರ್ಷದಿಂದ ಒಂದು ರಾಗಿ ಮಿಲ್ಲಿನ ಮೇಲಿನ ರೂಮಿನಲ್ಲಿ ಬಾಡಿಗೆಗೆ ಇದ್ದಾಳೆ. ಕೆಳಗೆ ಮಿಲ್ಲು ಓಡಿದರೆ ಮೇಲೆ ಅವಳ ಮಂಚ ಅಲುಗಾಡಿಕೊಂಡು ಗೋಡೆ ಬಿಟ್ಟು ರೂಮಿನ ನಡುವಿಗೆ ಬರುತ್ತದೆ. ಸಾಯಂಕಾಲ ಬಂದು ಅದನ್ನು ಮತ್ತೆ ಗೋಡೆಗೆ ತಳ್ಳಬೇಕು. ಭಾನುವಾರ ಊರಿಗೆ ಬಂದರೆ ಅವಳ ತಲೆಗೂದಲಲ್ಲಿ ಹಿಟ್ಟು. ನನ್ನ ಮಗಳು ಸಿಂಚನ ಅತ್ತೆಯ ತಲೆ ಕೊಡವುವುದನ್ನೇ ಒಂದು ಆಟ ಮಾಡಿಕೊಂಡಿದ್ದಾಳೆ.

ಊರಿಗೆ ಬಂದವಳು ಸುಮ್ಮನೆ ಕೂರುವುದಿಲ್ಲ. ಜಗಲಿ ಮೇಲೆ ಕೂತು ಊರವರ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾಳೆ, ಪುಕ್ಕಟೆ. ಯಾರಿಗೆ ಎಷ್ಟಿದೆ, ಯಾರು ಕದ್ದು ಮೈಸೂರುಪಾಕು ತಿಂದಿದ್ದಾರೆ, ಎಲ್ಲ ಅವಳಿಗೆ ಗೊತ್ತು. ಬೈಯುತ್ತಾಳೆ. ಬೈಸಿಕೊಂಡವರು ಮುಂದಿನ ಭಾನುವಾರ ಅವರೆಕಾಯಿಯನ್ನೋ ಬಾಳೆಹಣ್ಣನ್ನೋ ತಂದು ಕೊಡುತ್ತಾರೆ. ಸಿಂಧಘಟ್ಟದಲ್ಲಿ ಅವಳನ್ನು ಕಂಡರೆ ಆಗದವರು ಅಂತ ಒಬ್ಬರಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಆಮೇಲೆ ಆದ ಎಡವಟ್ಟಿಗೆಲ್ಲ ಈ ಪ್ರೀತಿಯೇ ಕಾರಣ.

ಮನೆ ಹುಡುಕಲು ಇಬ್ಬರೂ ಆರು ಭಾನುವಾರ ತಿರುಗಿದೆವು. ಶ್ರೀರಂಗಪಟ್ಟಣದಲ್ಲಿ ಒಂದು ಮನೆ ನೋಡಿದೆವು, ಹೊಳೆ ಹತ್ತಿರ. ಚೆನ್ನಾಗಿತ್ತು, ಬೆಲೆ ಕೇಳಿ ನೀರು ಕುಡಿದು ಹಿಂದಕ್ಕೆ ಬಂದೆವು. ಬೆಳಗೊಳದಲ್ಲಿ ಒಬ್ಬರು ತಮ್ಮ ಮನೆಯ ತಾರಸಿಯಿಂದ ಅಣೆಕಟ್ಟೆ ಕಾಣುತ್ತದೆ ಅಂದರು. ಕಬ್ಬಿಣದ ಏಣಿ ಹತ್ತಿ ನೋಡಿದರೆ ಪಕ್ಕದ ಮನೆಯ ತೆಂಗಿನಮರ ಕಂಡಿತು. ಅವರು ನಮ್ಮ ಹಿಂದೆಯೇ ಹತ್ತಿ ಬಂದು, ಆ ಗರಿ ಬಿದ್ದುಹೋದರೆ ಕಾಣುತ್ತದೆ ಅಂದರು. ಕೊನೆಗೆ ಪಾಂಡವಪುರದಲ್ಲೇ ಒಂದು ಸಂದಿಯ ಕೊನೆಯಲ್ಲಿ ಸಿಕ್ಕಿತು. ಎರಡು ರೂಮು, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ. ನಿವೃತ್ತ ಮೇಷ್ಟ್ರೊಬ್ಬರದು, ಮಗಳ ಹತ್ತಿರ ಹೋಗಿ ಇರಬೇಕೆಂದು ಮಾರುತ್ತಿದ್ದರು. ಜಯ ಒಳಗೆ ಹೋದವಳು ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಏನು ನೋಡ್ತಿದೀಯ ಅಂದೆ. ಅಲ್ಲಾಡ್ತಾ ಇಲ್ಲ ಅಂದಳು. ಆಗಲೇ ನಾನು ಮನಸ್ಸಿನಲ್ಲಿ ಫಾರಂ ತುಂಬಲು ಶುರುಮಾಡಿದ್ದೆ.

ಮೊದಲು ತೆರಿಗೆಯ ಕಡೆಯಿಂದ ಹೊರಟೆ. ಮನೆ ಸಾಲ ತೆಗೆದುಕೊಂಡರೆ ಕಟ್ಟುವ ಬಡ್ಡಿಗೆ ಒಂದು ವಿನಾಯಿತಿ, ಅಸಲಿಗೆ ಇನ್ನೊಂದು. ಹಳೇ ಪದ್ಧತಿಯಲ್ಲಿ ಇದ್ದರೆ ಮಾತ್ರ. ಇದೆಲ್ಲ ನನಗೆ ಬಾಯಿಪಾಠ. ಎಷ್ಟೋ ಮೇಷ್ಟ್ರುಗಳಿಗೆ ಮಾಡಿಕೊಟ್ಟಿದ್ದೇನೆ, ನನ್ನ ಮನೆಯವರಿಗೆ ಒಂದು ಸಲವೂ ಮಾಡಿರಲಿಲ್ಲ. ಅವಳ ಸಂಬಳದ ಚೀಟಿ ತರಿಸಿಕೊಂಡು ಎರಡು ದಿನ ಕೂತು, ಯಾವ ಪದ್ಧತಿ ಲಾಭ ಅಂತ ಎರಡು ಕಡೆಯೂ ಕೂಡಿ ಕಳೆದು ಚಂದ ಮಾಡಿ ಬರೆದೆ. ಕೊನೆಯ ಸಾಲಿಗೆ ಬಂದಾಗ ಗೊತ್ತಾಯಿತು, ಅವಳ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ. ಇಲ್ಲದ ತೆರಿಗೆಯನ್ನು ಹೇಗೆ ಉಳಿಸುವುದು? ಫೋನಿನಲ್ಲಿ ಹೇಳಿದಾಗ ಜಯ ನಕ್ಕು ನಕ್ಕು ಕೆಮ್ಮಿದಳು. ನನಗೆ ಮಾತ್ರ ನಿಜವಾಗಿಯೂ ಬೇಜಾರಾಯಿತು.

ಆ ಬೇಜಾರು ಎರಡೇ ದಿನ. ಪಾಂಡವಪುರದ ಬ್ಯಾಂಕಿಗೆ ಸಾಲದ ಅರ್ಜಿ ತರಲು ಹೋದಾಗ ಅಲ್ಲಿನ ಬೋರ್ಡಿನಲ್ಲಿ ಇನ್ನೊಂದು ಸಹಾಯದ ವಿಷಯ ಕಂಡಿತು. ಕಡಿಮೆ ಸಂಬಳದವರು ಪಟ್ಟಣದಲ್ಲಿ ಮೊದಲ ಮನೆ ಕೊಂಡರೆ ಸರ್ಕಾರ ಬಡ್ಡಿಯಲ್ಲಿ ಒಂದಿಷ್ಟು ತಾನು ಕಟ್ಟುತ್ತದೆ. ಒಂಟಿ ಹೆಂಗಸರಿಗೆ ಆದ್ಯತೆ. ಮೇಲಿಂದ ಕೆಳಗೆ ಷರತ್ತು ಓದುತ್ತಾ ಹೋದೆ, ಎಲ್ಲ ಜಯಳನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು. ಕೊನೆಯದು, ಅರ್ಜಿದಾರರಿಗೆ ದೇಶದ ಯಾವ ಮೂಲೆಯಲ್ಲೂ ಸ್ವಂತ ಮನೆ ಇರಬಾರದು. ಇಲ್ಲವಲ್ಲ, ಅವಳಿಗೆ ಎಲ್ಲೂ ಇಲ್ಲವಲ್ಲ ಅಂತ ಗಟ್ಟಿಯಾಗಿಯೇ ಅಂದುಬಿಟ್ಟೆ. ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ನನ್ನ ತಂಗಿಗೆ ಮನೆ ಇಲ್ಲ ಅನ್ನುವುದು ನನಗೆ ಅಷ್ಟು ಸಂತೋಷ ಕೊಟ್ಟಿದ್ದು ಅದೇ ಮೊದಲು. ಯಾಕೆ ಇಲ್ಲ ಅಂತ ಯೋಚಿಸುವಷ್ಟು ಪುರುಸೊತ್ತು ಆ ಖುಷಿಯಲ್ಲಿ ಇರಲಿಲ್ಲ.

ಅವಳ ಸಂಬಳಕ್ಕೆ ಆ ಬಡ್ಡಿ ಸಹಾಯ ಸಿಕ್ಕರೆ ಮನೆ, ಇಲ್ಲದಿದ್ದರೆ ಮತ್ತೆ ಮಿಲ್ಲಿನ ಮೇಲಿನ ರೂಮು. ಅಷ್ಟು ಸರಳ. ಮಾರುವ ಮೇಷ್ಟ್ರು ತಿಂಗಳ ಕೊನೆಯವರೆಗೆ ಕಾಯುತ್ತೇನೆ ಅಂದಿದ್ದರು. ಅರ್ಜಿ ತುಂಬಿದೆ, ಮನೆ ಇಲ್ಲವೆಂದು ಜಯ ಸಹಿ ಮಾಡಿದ ಪ್ರಮಾಣಪತ್ರ ಸೇರಿಸಿದೆ, ಫೋಟೋ ಅಂಟಿಸಿದೆ. ಮೇಲಿನಿಂದ ಒಂದು ಸಲ, ಕೆಳಗಿನಿಂದ ಒಂದು ಸಲ ಓದಿದೆ. ಒಂದೇ ಒಂದು ತಪ್ಪಿರಲಿಲ್ಲ. ಬ್ಯಾಂಕಿನವರು ವಿಳಾಸಕ್ಕೆ ಬಂದು ವಿಚಾರಿಸಿ ಹೋಗುತ್ತಾರೆ ಅಂದರು. ಅವಳ ಆಧಾರಿನಲ್ಲಿ ಇರುವುದು ಸಿಂಧಘಟ್ಟದ ವಿಳಾಸ. ಬರಲಿ ಅಂದೆ. ಊರಿನಲ್ಲಿ ಯಾರಿಗೂ ಒಂದು ಮಾತು ಹೇಳಿಡಬೇಕು ಅಂತ ಹೊಳೆಯಲೇ ಇಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಊರಿನ ಹೆಣ್ಣುಮಗಳ ಬಗ್ಗೆ ವಿಚಾರಿಸಲು ಗಂಡಿನ ಕಡೆಯವರು ಬಂದರೆ, ಅವರು ಮೊದಲು ಆ ಮನೆಗೆ ಹೋಗುವುದಿಲ್ಲ. ಅರಳಿಕಟ್ಟೆಗೆ ಬಂದು, ಟೀ ಕುಡಿದು, ಹೀಗೆ ಮಾತಿಗೆ ಮಾತು ತೆಗೆದು, ಆ ಮನೆಯವರು ಹೇಗೆ, ಮನೆ ಸ್ವಂತದ್ದಾ, ಸಾಲ ಇದೆಯಾ, ಹುಡುಗಿ ಗುಣ ಹೇಗೆ ಅಂತ ಕೇಳುತ್ತಾರೆ. ಆಗ ಕಟ್ಟೆಯ ಮೇಲೆ ಕೂತವರು, ಆ ಮನೆಯವರ ಜೊತೆ ಬದುವಿನ ಜಗಳ ಇದ್ದರೂ ಸರಿ, ಹೆಣ್ಣನ್ನು ಬಿಟ್ಟುಕೊಡಬಾರದು. ಎರಡು ಎಕರೆ ನಾಲ್ಕಾಗುತ್ತದೆ. ಸಾಲ ಅನ್ನುವ ಮಾತೇ ಬರುವುದಿಲ್ಲ. ಇದು ಸುಳ್ಳು ಅಂತ ನಮ್ಮಲ್ಲಿ ಯಾರಿಗೂ ಅನ್ನಿಸಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ದೊಡ್ಡಪ್ಪನ ಮಗಳನ್ನು ನೋಡಲು ಬಂದಾಗ ಆದದ್ದು ನೆನಪಿದೆ. ಕೊಟ್ಟಿಗೆ ತುಂಬಿ ಕಾಣಲಿ ಅಂತ ಎದುರು ಮನೆಯ ಎರಡು ಎಮ್ಮೆ ತಂದು ಕಟ್ಟಿದ್ದರು. ನನಗೆ ಎಮ್ಮೆ ಹತ್ತಿರ ನಿಂತು ಹುಲ್ಲು ಹಾಕುತ್ತಿರು ಅಂತ ಕೆಲಸ. ಗಂಡಿನ ಅಪ್ಪ ಕೊಟ್ಟಿಗೆಗೆ ಬಂದು ನೋಡುವ ಹೊತ್ತಿಗೆ ಸರಿಯಾಗಿ ಎದುರು ಮನೆಯಲ್ಲಿ ಕರು ಕೂಗಿತು. ಇಲ್ಲಿಂದ ಎಮ್ಮೆ ಕೂಗಿತು. ಅಲ್ಲಿಂದ ಕರು ಇನ್ನೂ ಜೋರಾಗಿ. ಆ ಹಿರಿಯರು ರಸ್ತೆಯ ಆಚೆ ನೋಡಿದರು, ಎಮ್ಮೆಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನದೆ ಒಳಗೆ ಹೋಗಿ ಉಪ್ಪಿಟ್ಟು ತಿಂದು ಮದುವೆಗೆ ಒಪ್ಪಿಕೊಂಡರು. ಅವರ ಊರಿನಲ್ಲೂ ಅದೇ ಪದ್ಧತಿ ಇದ್ದಿರಬೇಕು.

ಆ ಸೋಮವಾರ ನಾನು ಸ್ಕೂಲಿನಲ್ಲಿದ್ದೆ. ನನ್ನ ಹೆಂಡತಿ ಶಾರದ ಗದ್ದೆಯ ಕಡೆ ಹೋಗಿದ್ದಳು. ಹೊತ್ತು ನೆತ್ತಿಗೆ ಬರುವ ಮುಂಚೆ ಒಬ್ಬರು ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಫೈಲಿಟ್ಟುಕೊಂಡು ಬೈಕಿನಲ್ಲಿ ಬಂದು ಅರಳಿಕಟ್ಟೆಯ ಹತ್ತಿರ ಇಳಿದು, ಕೆಂಚಣ್ಣನ ಅಂಗಡಿಯಲ್ಲಿ ಒಂದು ಟೀ ಹೇಳಿ, ಜಯಲಕ್ಷ್ಮಿ ಅನ್ನೋರ ಮನೆ ಯಾವುದು, ಹೇಗೆ ಜನ ಅಂತ ಕೇಳಿದ್ದಾರೆ. ಬ್ಯಾಂಕಿನವರು ಅಂತ ಹೇಳಿದರಂತೆ. ಹೇಳಿದರೂ ಏನು, ಗಂಡು ಬ್ಯಾಂಕಿನಲ್ಲಿ ಕೆಲಸದಲ್ಲಿದೆ ಅಂತ ಕಟ್ಟೆಯವರು ತಿಳಿದುಕೊಂಡರು. ಮನೆ ಸ್ವಂತದ್ದಾ, ಸಾಲ ಇದೆಯಾ, ಆದಾಯ ಎಷ್ಟು, ನಡತೆ ಹೇಗೆ. ಬ್ಯಾಂಕು ಕೇಳುವುದೂ ಬೀಗರು ಕೇಳುವುದೂ ಒಂದೇ ಅಂತ ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾಲ್ಕನೇ ದಿನ ಜಯ ಫೋನು ಮಾಡಿದಳು. ದನಿ ಸಣ್ಣಗಿತ್ತು. ಸಹಾಯದ ಅರ್ಜಿ ತಿರಸ್ಕಾರ ಆಗಿದೆ, ಸುಳ್ಳು ಪ್ರಮಾಣಪತ್ರ ಕೊಟ್ಟಿದ್ದೀರಿ ಅಂತ ಮ್ಯಾನೇಜರು ಬೈದರಂತೆ. ನಾನು ಬಸ್ಸಿಳಿದವನು ಮನೆಗೂ ಹೋಗದೆ ಕಟ್ಟೆಯ ಹತ್ತಿರ ನಿಂತು, ಯಾರಾದರೂ ಬಂದಿದ್ದರಾ ಅಂತ ಕೇಳಿದೆ. ಕೆಂಚಣ್ಣ ನನಗೆ ದುಡ್ಡಿಲ್ಲದೆ ಟೀ ಕೊಟ್ಟ. ಅದೇ ಮೊದಲು.

"ಒಳ್ಳೆ ಸಂಬಂಧ ಕಣ್ಲಾ, ಬುಡಬ್ಯಾಡ," ಅಂದ. "ಮನುಸ ಭಾಳ ಮರ್ಯಾದಸ್ತ. ನಾವ್ ಏಳಿದ್ನೆಲ್ಲ ಬರ್ಕಂಡೇ ಓದ."

ಏನೇನು ಹೇಳಿದಿರಿ ಅಂತ ಕೇಳಿದೆ. ಒಬ್ಬೊಬ್ಬರೂ ತಾವು ಸೇರಿಸಿದ್ದನ್ನು ಸಂಭ್ರಮದಿಂದ ಒಪ್ಪಿಸಿದರು. ಹದಿನಾರು ಕಂಬದ ತೊಟ್ಟಿ ಮನೆ, ಅದರಲ್ಲಿ ಅರ್ಧ ಜಯಳದೇ. ಮೈಸೂರಿನಲ್ಲಿ ಒಂದು ಮನೆ ಬಾಡಿಗೆಗೆ ಬಿಟ್ಟಿದ್ದಾಳೆ. ಕಬ್ಬಿನ ದುಡ್ಡೇ ವರ್ಷಕ್ಕೆ ಇಷ್ಟು ಬರುತ್ತದೆ, ಸಂಬಳ ಅವಳಿಗೆ ಬಳೆ ಕುಂಕುಮಕ್ಕೆ. ಯಾವಾಗಲೂ ನಮ್ಮ ಮೇಲೆ ಮುಖ ಗಂಟುಹಾಕಿಕೊಂಡಿರುವ ಹಿಂದಿನ ಬೀದಿಯ ತಿಮ್ಮೇಗೌಡರು ತಮ್ಮ ಟ್ರಾಕ್ಟರನ್ನೇ ಅವಳ ಹೆಸರಿಗೆ ಬರೆದಿದ್ದರು. ಆಮೇಲೆ ಆ ಮನುಷ್ಯ ನಮ್ಮ ಮನೆಗೆ ಹೋಗಿದ್ದಾರೆ. ಅಲ್ಲಿ ನಮ್ಮ ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ಒಬ್ಬಳೇ ಇದ್ದವಳು ಐದೇ ನಿಮಿಷದಲ್ಲಿ ಒಲೆ ಹಚ್ಚಿ ಕೇಸರಿಬಾತು ಮಾಡಿ, ಮಗುಗೆ ಇನ್ನೂ ಮೂವತ್ತೆರಡು ಅಂದಿದ್ದಾಳೆ. ಅವರ ಫೈಲಿನಲ್ಲಿ ಜಯಳ ಆಧಾರ್ ಪ್ರತಿ ಇತ್ತು. ಆದರೂ ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡರಂತೆ.

ನನಗೆ ಸಿಟ್ಟು ಬರಬೇಕಿತ್ತು. ಕಟ್ಟೆಯ ಮೇಲಿನ ಮುಖಗಳನ್ನು ನೋಡಿದೆ. ಎಲ್ಲರೂ ಹಬ್ಬದ ದಿನದ ಹಾಗೆ ಇದ್ದರು. ಅವರ ಬೆರಳು ಚುಚ್ಚುವ ಹುಡುಗಿಗೆ ಹತ್ತು ವರ್ಷದ ಮೇಲೆ ಒಂದು ಸಂಬಂಧ ಬಂದಿದೆ ಅಂತ ಕೈಲಾದದ್ದೆಲ್ಲ ಕೊಟ್ಟಿದ್ದರು. ಬಂದವರು ಗಂಡಿನ ಕಡೆಯವರಲ್ಲ, ಮನೆ ಸಾಲದವರು, ಮನೆ ಇಲ್ಲ ಅಂದಿದ್ದರೆ ಮಾತ್ರ ಅವಳಿಗೆ ಸಹಾಯ ಸಿಗುತ್ತಿತ್ತು ಅಂತ ಹೇಳಿದೆ. ತಿಮ್ಮೇಗೌಡರು ಎದ್ದು, ಟ್ರಾಕ್ಟ್ರು ನಂದು ಅಂತ ಎಲ್ಲಿ ಬೇಕಾದ್ರೂ ಏಳ್ತೀನಿ ನಡಿ ಅಂದರು.

ಮಾರನೇ ದಿನ ರಜೆ ಹಾಕಿ ಬ್ಯಾಂಕಿಗೆ ಓಡಿದೆ. ಮ್ಯಾನೇಜರು ಹೆಂಗಸು, ಕಟ್ಟುನಿಟ್ಟು. ನಾನು ಕರು ಕೂಗಿದ್ದರವರೆಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ, ಆದರೆ ಫೈಲು ಮುಚ್ಚಲೂ ಇಲ್ಲ. ಇನ್ನೊಂದು ಸಲ ಕಳಿಸುತ್ತೇನೆ, ಈ ಸಲ ಯಾರ ಮಾತೂ ಬೇಡ, ಕಾಗದ ತೋರಿಸಿ ಅಂದರು. ತಿಂಗಳು ಮುಗಿಯಲು ಆರು ದಿನ ಇತ್ತು.

ಈ ಸಲ ಆ ಅಧಿಕಾರಿ ಭಾನುವಾರ ಬಂದರು, ಅದೇ ಅಂಗಿ. ಜಯ ಜಗಲಿ ಮೇಲೆ ಕೂತು ಯಾರದೋ ಬೆರಳು ಹಿಡಿದುಕೊಂಡಿದ್ದಳು. ಊರೇ ಹಿಂದೆ ಬಂತು. ಕೆಂಚಣ್ಣ ಅವರ ಮುಂದೆ ಕೈಮುಗಿದು, ನಾವು ಹೇಳಿದ್ದೆಲ್ಲ ಸುಳ್ಳು ಸ್ವಾಮಿ, ಅವಳಿಗೆ ಏನೂ ಇಲ್ಲ, ಬರೀ ಬಡವಿ ಅಂತ ಶುರುಮಾಡಿದ. ಅವನ ಹಿಂದಿನವರು ಇನ್ನೂ ಜೋರಾಗಿ ಬಡವಿ ಮಾಡಿದರು. ಒಬ್ಬ ಊಟಕ್ಕೂ ಕಷ್ಟ ಅಂದ. ಮೊದಲಿಗಿಂತ ದೊಡ್ಡ ಸುಳ್ಳು. ಅಧಿಕಾರಿ ಪೆನ್ನು ಜೇಬಿಗೆ ಇಟ್ಟುಕೊಂಡುಬಿಟ್ಟರು. ದೊಡ್ಡವ್ವ ಒಬ್ಬಳೇ ಬಾಯಿ ಬಿಡಲಿಲ್ಲ. ಬೆಳಿಗ್ಗೆಯೇ ನನಗೆ ಹೇಳಿದ್ದಳು, ನಮ್ಮ ಮನೆ ಮಗಳಿಗೆ ಮನೆ ಇಲ್ಲ ಅಂತ ನನ್ನ ಬಾಯಲ್ಲಿ ಹೇಳಿಸಬೇಡ, ನಾಲಿಗೆ ಬೀಳುತ್ತದೆ ಅಂತ.

ಅಧಿಕಾರಿ ನನ್ನ ಕಡೆ ತಿರುಗಿ, ಈ ಮನೆಯಲ್ಲಿ ಇವರಿಗೆ ಭಾಗ ಇಲ್ಲ ಅನ್ನೋದಕ್ಕೆ ದಾಖಲೆ ಏನಾದರೂ ಇದೆಯಾ ಅಂತ ಕೇಳಿದರು.

ಇತ್ತು. ನಾನು ದಾಖಲೆ ಕಳೆಯುವವನಲ್ಲ. ಬೀರುವಿನಲ್ಲಿ, ಮೇಲಿನಿಂದ ಎರಡನೇ ಅರೆಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಎಷ್ಟು ಬೇಗ ತಂದೆ ಅಂದರೆ, ತಂದು ಅವರ ಕೈಗೆ ಕೊಡುವವರೆಗೂ ಅದು ಏನು ಅಂತ ನನಗೆ ಅರಿವೇ ಇರಲಿಲ್ಲ.

ಅಪ್ಪ ತೀರಿಹೋದ ವರ್ಷ ಮನೆ ಜಮೀನು ಭಾಗವಾದಾಗ ಜಯ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರ ಅದು. ನಮ್ಮಲ್ಲಿ ಹೆಣ್ಣುಮಕ್ಕಳು ಹಾಗೆ ಬರೆದುಕೊಡುತ್ತಾರೆ. ಅಣ್ಣತಮ್ಮಂದಿರು ಸೀರೆ ಕೊಟ್ಟು ಅರಿಶಿನ ಕುಂಕುಮ ಇಡುತ್ತಾರೆ. ಯಾರೂ ಜಗಳ ಮಾಡುವುದಿಲ್ಲ, ಜಗಳ ಮಾಡಿದರೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಪತ್ರದ ಕರಡು ನಾನೇ ಬರೆದಿದ್ದೆ, ಎಷ್ಟು ಉತ್ಸಾಹದಿಂದ ಅಂತೀರಿ. ಕೆ.ಆರ್. ಪೇಟೆಯ ಪತ್ರ ಬರಹಗಾರರು ನೋಡಿ, ಏನು ಚೆನ್ನಾಗಿ ಬರೆದಿದ್ದೀರಿ, ಒಂದಕ್ಷರ ತಿದ್ದುವ ಹಾಗಿಲ್ಲ ಅಂದಿದ್ದರು. ಜಯ ಡ್ಯೂಟಿಯಿಂದ ನೇರ ಬಂದವಳು ನಿಂತುಕೊಂಡೇ, ಎಲ್ಲಿ ಅಂತ ಕೇಳಿ, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ್ದಳು. ಆಮೇಲೆ ಅವಳಿಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿ ಬಸ್ಸು ಹತ್ತಿಸಿದ್ದೆ. ನನ್ನ ಪ್ರಕಾರ ಆ ದಿನ ಬಹಳ ಚೆನ್ನಾಗಿ ನಡೆದಿತ್ತು.

ಅಧಿಕಾರಿ ಗಟ್ಟಿಯಾಗಿ ಓದಿದರು. "ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸಂತೋಷದಿಂದ, ಸದರಿ ಮನೆಯಲ್ಲಿ ನನಗೆ ಇದ್ದ ಸಮಸ್ತ ಹಕ್ಕನ್ನೂ ನನ್ನ ಅಣ್ಣನವರಿಗೆ ಬಿಟ್ಟುಕೊಟ್ಟಿರುತ್ತೇನೆ. ಇನ್ನು ಮುಂದೆ ಸದರಿ ಮನೆಯಲ್ಲಿ ನನಗೆ ಯಾವ ಹಕ್ಕೂ, ಭಾಗವೂ, ವಾಸದ ಅಧಿಕಾರವೂ ಇರುವುದಿಲ್ಲ." ವಾಸದ ಅಧಿಕಾರ ಅನ್ನುವ ಮಾತು ಸೇರಿಸಿದವನು ನಾನು. ಕಾನೂನಿಗೆ ಬೇಕಿರಲಿಲ್ಲ, ಸಾಲು ತುಂಬಿ ಬರಲಿ ಅಂತ ಸೇರಿಸಿದ್ದೆ.

ನಾನು ನೆಲ ನೋಡುತ್ತಾ ನಿಂತೆ. ಬಾಗಿಲ ಹಿಂದೆ ನಿಂತಿದ್ದ ಶಾರದ, ನಂದೂ ಇಂಥದ್ದೊಂದು ನಾಗಮಂಗ್ಲದಲ್ಲಿ ನಮ್ಮಪ್ಪನ ಮನೇಲಿ ಅದೆ ಅಂತ, ಸಾರಿಗೆ ಉಪ್ಪು ಸಾಕಾ ಅಂತ ಕೇಳುವ ದನಿಯಲ್ಲಿ ಅಂದಳು. ದೊಡ್ಡವ್ವ ಎದ್ದು ಬಂದಳು. ಅವಳಿಗೆ ಓದಲು ಬರುವುದಿಲ್ಲ, ಆ ಪತ್ರದಲ್ಲಿ ಏನಿದೆ ಅಂತ ಪೂರ್ತಿ ಕೇಳಿದ್ದು ಆವತ್ತೇ. ಜಯಳನ್ನೊಮ್ಮೆ ನೋಡಿ ಅಧಿಕಾರಿಯ ಮುಂದೆ ನಿಂತಳು.

"ಅವಳ್ಗೆ ಮನೆ ಇಲ್ಲ ಸ್ವಾಮಿ," ಅಂದಳು. "ಬರ್ಕಳಿ."

ಅಧಿಕಾರಿ ಪೆನ್ನು ತೆಗೆದರು. ಬರೆದುಕೊಂಡು, ಪತ್ರದ ಫೋಟೋ ತೆಗೆದುಕೊಂಡು, ಇದಕ್ಕಿಂತ ಒಳ್ಳೇ ದಾಖಲೆ ಬೇಕಿಲ್ಲ ಅಂತ ನನ್ನ ಕೈ ಕುಲುಕಿದರು. ಜಯ ಮಾತ್ರ ಜಗಲಿಯಿಂದ ಜಿಗಿದು ಬಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಆವತ್ತು ಸೈನು ಆಕಿದ್ದು ಒಳ್ಳೇದಾಯ್ತು ಬುಡಣ್ಣ ಅಂತ ಮನಸಾರೆ ನಗುತ್ತಿದ್ದಳು. ಅವಳ ಮಾತಿನಲ್ಲಿ ಒಂದಿಷ್ಟೂ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರನೇ ದಿನ ಮಂಜೂರಾಯಿತು. ಹೇಳಿದರೆ ನಂಬುವುದಿಲ್ಲ, ಆ ಫೋನು ಬಂದಾಗ ನಾನು ಕಿಕ್ಕೇರಿ ಬಸ್‌ಸ್ಟಾಂಡಿನಲ್ಲಿ ಗೊತ್ತಿಲ್ಲದವರಿಗೆಲ್ಲ, ನನ್ನ ತಂಗಿ ಮನೆ ತಗೊಂಡ್ಲು ಅಂತ ಹೇಳಿಕೊಂಡು ಬಂದೆ. ಒಬ್ಬರು ಯಾವ ಊರಲ್ಲಿ ಅಂತ ಕೇಳಿದರು. ಪಾಂಡವಪುರದಲ್ಲಿ, ಎರಡು ರೂಮು, ಹಿಂದೆ ಒಗೆಯೋ ಕಲ್ಲು ಅದೆ ಅಂತ ಅವರ ಬಸ್ಸು ಹೊರಡುವವರೆಗೆ ವಿವರಿಸಿದೆ. ಮಾರನೇ ಬೆಳಿಗ್ಗೆ ಇಬ್ಬರೂ ಬ್ಯಾಂಕಿಗೆ ಹೋದೆವು. ಜಯ ಹೊಸ ಸೀರೆ ಉಟ್ಟಿದ್ದಳು. ನಾನು ಎರಡು ಪೆನ್ನು ತಗೊಂಡು ಹೋಗಿದ್ದೆ. ಸಾಲದ ಕಾಗದಗಳು ಒಂದು ಕಟ್ಟು. ನಾನು ತುಂಬುತ್ತಾ ಹೋದೆ, ಅವಳು ಸಹಿ ಹಾಕುತ್ತಾ ಬಂದಳು. ಈ ಸಲ ಕೂತುಕೊಂಡು, ಪ್ರತಿ ಹಾಳೆಯನ್ನೂ ಓದಿ ಹಾಕಿದಳು. ಅರ್ಥವಾಗದ ಕಡೆ ಬೆರಳಿಟ್ಟು ಇದೇನು ಅಂತ ಮ್ಯಾನೇಜರನ್ನೇ ಕೇಳಿದಳು, ನನ್ನನ್ನಲ್ಲ.

ಕೊನೆಯದು ಸಾಲದ ಜೊತೆಗಿನ ವಿಮೆಯ ಫಾರಂ. ಅವಳಿಗೇನಾದರೂ ಆದರೆ ಸಾಲ ತೀರಿಸಿ ಮನೆ ಉಳಿಸುವ ವಿಮೆ. ನಾಮಿನಿ ಯಾರು ಅಂತ ಒಂದು ಕಲಂ ಇತ್ತು. ನಾನು ತಲೆ ಎತ್ತದೆ ನನ್ನ ಮಗ ಚಂದನನ ಹೆಸರು ಬರೆದೆ. ಅಪ್ಪ ಗೊಬ್ಬರದ ಫಾರಂ ತಂದ ಕಾಲದಿಂದ ಇಂಥ ಕಲಮ್ಮಿನಲ್ಲಿ ಗಂಡುಮಕ್ಕಳ ಹೆಸರು ಬರೆದೇ ಬಂದವನು, ಕೈ ತಾನೇ ಬರೆಯಿತು. ಜಯ ಆ ಹಾಳೆ ತೆಗೆದುಕೊಂಡು ಓದಿ, ಸಹಿ ಹಾಕದೆ ಮ್ಯಾನೇಜರ ಮುಂದಿಟ್ಟು, ಇನ್ನೊಂದು ಫಾರಂ ಕೊಡಿ ಮೇಡಂ ಅಂದಳು. ಆಮೇಲೆ ನನ್ನ ಕೈಯಿಂದ ಪೆನ್ನು ತಗೊಂಡಳು.

"ಚಂದನಂಗೆ ಸಿಂಧಘಟ್ಟದ ಮನೆ ಅದೆ ಕಣಣ್ಣ," ಅಂದಳು. "ಸಿಂಚನಂಗೆ ಎಲ್ಲದೆ?"

ಮ್ಯಾನೇಜರು ಕೊಟ್ಟ ಹೊಸ ಫಾರಮ್ಮನ್ನು ನಾನು ಅವಳ ಮುಂದೆ ಸರಿಸಿದೆ. ಅವಳು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ನನ್ನ ಮಗಳ ಹೆಸರನ್ನು ಬರೆದಳು.